ಮೀನು ಸಾಕಣೆಯ ಡಿಗ್ರಿಗೆ ಸೇರುವ ಮುಂಚೆ ಮೇವಿನ ಬಗ್ಗೆ ಕೇಳಿ

ಮೀನು ಸಾಕೋದಕ್ಕೂ ಡಿಗ್ರಿ ಬೇಕಾ ಅಂತ ನಗುವವರು ಇನ್ನೂ ಇದ್ದಾರೆ. 2022ರಲ್ಲಿ ಸಾಕಿದ ಮೀನು, ಸಿಗಡಿ, ಚಿಪ್ಪುಗಳ ತೂಕ ಮೊದಲ ಸಲ ಹಿಡಿದದ್ದನ್ನು ಮೀರಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಒಟ್ಟಿನ ಶೇ. 51. ಹಾಗಾಗಿ ನಗುವವರ ಜೊತೆ ವಾದ ಬೇಡ.

ನನ್ನ ತಕರಾರು ಬೇರೆ. ಕೋರ್ಸಿನ ಹೆಸರಿಗೆ ‘ಸುಸ್ಥಿರ’ ಅಂತ ಅಂಟಿಸಿ, ಮೇವಿನ ಪಾಠವನ್ನು ಮಾತ್ರ ಸುಮ್ನೆ ಮುಟ್ಟಿ ಬಿಡುತ್ತಾರಲ್ಲ, ಅದು.

ಸಾಲ್ಮನ್ ಬೇರೆ ಮೀನು ತಿಂದು ಬದುಕುವ ಮೀನು. ಅದರ ಮೇವಿಗೆ ಮೀನುಪುಡಿ, ಮೀನೆಣ್ಣೆ ಬೇಕು. ಇವೆರಡಕ್ಕೂ ಜಗತ್ತು ಬಹಳಷ್ಟು ನಂಬಿರುವುದು ಪೆರು ದೇಶದ ಕಡಲಿನ ಆಂಚೊವೆಟಾ ಎಂಬ ಪುಟ್ಟ ಮೀನನ್ನು. ಎಲ್ ನಿನೊ ಬಂದು ಅಲ್ಲಿಯ ನೀರು ಬಿಸಿಯಾದರೆ ಲೆಕ್ಕವೆಲ್ಲ ತಲೆಕೆಳಗು. 2023ರಲ್ಲಿ ಪೆರು ತನ್ನ ಮುಖ್ಯ ಮೀನುಗಾರಿಕೆ ವಲಯದಲ್ಲಿ ಆಂಚೊವೆಟಾ ಹಿಡಿಯುವ ಮೊದಲ ಹಂಗಾಮನ್ನೇ ರದ್ದು ಮಾಡಿತು. ಹೋಗಲಿ, ಸೋಯಾ ಹಾಕೋಣ ಅಂದರೆ, ಜಾಸ್ತಿಯಾದಾಗ ಸಾಲ್ಮನ್‌ನ ಕರುಳು ಊದಿಕೊಳ್ಳುತ್ತದೆ. ಮೀನೆಣ್ಣೆ ಕಡಿಮೆ ಮಾಡಿದರೆ ತಿನ್ನುವವರಿಗೆ ಸಿಗುವ ಒಮೆಗಾ-3 ಕೂಡ ಕಡಿಮೆ. ಪಾಚಿಯಿಂದ ತೆಗೆದ ಎಣ್ಣೆ ಇದೆ, ಹುಳುಗಳ ಪುಡಿ ಇದೆ. ಆದರೆ ಎರಡೂ ದುಬಾರಿ.

ಇನ್ನೊಂದು ಜಾಣತನ ನೋಡಿ. ಸುಮಾರು 1.2 ಕಿಲೋ ಮೇವಿಗೆ 1 ಕಿಲೋ ಸಾಲ್ಮನ್ ಅಂತಾರೆ. ಸುಳ್ಳಲ್ಲ. ಆದರೆ ಮೇವು ಒಣಗಿದ್ದು, ಮೀನಿನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು! ಇದನ್ನು ಬಿಡಿಸಿ ಹೇಳುವ ಮೇಷ್ಟ್ರು ಸಿಕ್ಕರೆ ಅದೃಷ್ಟ. ಕಪ್ಪೆಚಿಪ್ಪು, ಸಿಂಪಿಗಳಿಗೆ ಈ ರಗಳೆಯೇ ಇಲ್ಲ. ಮೇವು ಹಾಕೋದೇ ಬೇಡ, ನೀರಲ್ಲಿರುವುದನ್ನೇ ಸೋಸಿ ತಿನ್ನುತ್ತವೆ. ಆದರೂ ಎಲ್ಲರ ಕಣ್ಣು ಸಾಲ್ಮನ್, ಸಿಗಡಿ ಮೇಲೆಯೇ. ದುಡ್ಡು ಅಲ್ಲಿದೆ ಅಲ್ವಾ.

ಇನ್ನು ನೀರು. ಇದನ್ನು ಪುಸ್ತಕದಲ್ಲಿ ಕಲಿಯೋಕಾಗಲ್ಲ. ಹಗಲೆಲ್ಲ ಆಕ್ಸಿಜನ್ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಹೀರುತ್ತದೆ. ಹಾಗಾಗಿ ಕೊಳದ ಮೀನು ಉಸಿರಿಗೆ ಒದ್ದಾಡುವುದು ಬೆಳಗಿನ ಜಾವ, ಓದುವ ಮಕ್ಕಳು ಮಲಗಿರುವ ಹೊತ್ತಿಗೆ. ಮೀನು ಹೊರಹಾಕುವ ಅಮೋನಿಯಾ ಅಷ್ಟೇ ಇದ್ದರೂ, ನೀರಿನ ಪಿಎಚ್ ಏರಿದರೆ ಇನ್ನಷ್ಟು ವಿಷವಾಗುತ್ತದೆ. ತೊಟ್ಟಿಯ ನೀರನ್ನೇ ಮತ್ತೆ ಮತ್ತೆ ಬಳಸುವ ಕಡೆ ಅಮೋನಿಯಾವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಾ. ಅಂದರೆ ಮೀನಿಗಿಂತ ಮೊದಲು ಅವನ್ನು ಸಾಕಬೇಕು. ಅಲ್ಲಿ ಪಂಪು ಓಡಿಸಲು ಹಿಡಿಯುವ ಕರೆಂಟಿನ ಲೆಕ್ಕವೂ ‘ಸುಸ್ಥಿರ’ದೊಳಗೇ ಬರಬೇಕು.

ಸೇರುವ ಮುಂಚೆ ಅಲ್ಲಿ ಓದುತ್ತಿರುವವರನ್ನು ಹಿಡಿದು ಎರಡು ಮಾತು ಕೇಳಿ. ಮೇವಿನ ಲೆಕ್ಕ ಹಾಕಿ, ನೀವೇ ತಯಾರಿಸಿ, ಮೀನಿಗೆ ತಿನ್ನಿಸಿ ನೋಡಿದ್ರಾ? ತೊಟ್ಟಿ ಕಾಯೋಕೆ ರಾತ್ರಿ ಪಾಳಿ ಹಾಕ್ತಾರಾ? ಎರಡಕ್ಕೂ ಇಲ್ಲ ಅಂದರೆ ಬೇರೆ ಕಡೆ ಅರ್ಜಿ ಹಾಕಿ.