ಹದಿನೆಂಟು ಸೆಂಟ್ ಕೃಪೆ

ಕಳೆದ ಭಾನುವಾರ ನಮ್ಮ ಚರ್ಚಿನಲ್ಲಿ ಮಳೆಗಾಗಿ ವಿಶೇಷ ಪ್ರಾರ್ಥನೆ ಇಟ್ಟುಕೊಂಡಿದ್ದರು. ಗುರುಗಳು ಪ್ರಬೋಧನೆಯಲ್ಲಿ ‘ದೇವರ ಮೇಲೆ ಭಾರ ಹಾಕಿ, ತಾಳ್ಮೆಯಿಂದ ಕಾಯಿರಿ’ ಎನ್ನುವುದಕ್ಕೂ ಕಿಟಕಿಯಾಚೆ ಡೀಸೆಲ್ ಪಂಪೊಂದು ಗುಡುಗುಡು ಎನ್ನುವುದಕ್ಕೂ ಸರಿಹೋಯಿತು. ಕೊಡಗಿನ ಸಿದ್ದಾಪುರದ ನಮ್ಮ ಕಡೆ, ಕಾಫಿ ತೋಟಕ್ಕೆ ನೀರು ಹಾಯಿಸುವ ಮಾರ್ಚ್ ಬಂತೆಂದರೆ ಯಾರ ಪಂಪು ಎಂಬುದು ಕೆಮ್ಮು ಕೇಳಿ ನೆಂಟರನ್ನು ಗುರುತಿಸಿದಷ್ಟೇ ಸುಲಭ. ಅದು ಪಕ್ಕದ ತೋಟದವರದು. ತಿರುಗಿ ನೋಡಿದರೆ ಆ ಪುಣ್ಯಾತ್ಮರು ನನ್ನ ಹಿಂದಿನ ಬೆಂಚಿನಲ್ಲೇ ಕಣ್ಣು ಮುಚ್ಚಿ ಕುಳಿತಿದ್ದರು.

ಪೂಜೆ ಮುಗಿದ ಮೇಲೆ ಕೇಳಿಯೇಬಿಟ್ಟೆ. “ಏನಣ್ಣ, ಇಲ್ಲಿ ಪ್ರಾರ್ಥನೆ, ಅಲ್ಲಿ ಪಂಪು?”

“ಎರಡೂ ಕಡೆ ಅರ್ಜಿ ಹಾಕಿದ್ದೇನೆ ಮಾರಾಯ. ಯಾವುದು ಮೊದಲು ಮಂಜೂರಾಗುತ್ತದೋ ನೋಡೋಣ” ಎಂದು ಜೀಪು ಹತ್ತಿ ಹೊರಟರು.

ಅಲ್ಲಿ ನಗು ಬಂತು. ಮನೆ ತಲುಪುವಷ್ಟರಲ್ಲಿ ಸಿಟ್ಟು ಬಂತು. ನನ್ನ ಪಂಪೂ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕುಳಿತಿದೆ, ಪಕ್ಕದಲ್ಲಿ ಡೀಸೆಲ್ ಕ್ಯಾನೂ ಇದೆ. ಅದನ್ನು ಮುಟ್ಟದೆ ಇರುವುದು ನಂಬಿಕೆಯೋ, ಕೆರೆಯಲ್ಲಿ ನೀರು ತಳ ಕಂಡಿರುವ ಭಯವೋ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?

ಗುರುಗಳು ಹೇಳಿದ್ದು ಬೈಬಲಿನ ಯಕೋಬನ ಪತ್ರದ ಐದನೆಯ ಅಧ್ಯಾಯದ ಮಾತು. ಮುಂಗಾರು ಹಿಂಗಾರು ಬರುವ ತನಕ ತಾಳ್ಮೆಯಿಂದ ಕಾಯುವ ರೈತನನ್ನು ನೋಡಿ ಕಲಿಯಬೇಕಂತೆ. ಆ ರೈತ ಪಾಲೆಸ್ತೀನದವನು. ಅಕ್ಟೋಬರ್, ನವೆಂಬರಿನ ಮಳೆಗೆ ಬಿತ್ತಿ, ಮಾರ್ಚ್, ಏಪ್ರಿಲಿನ ಮಳೆಗೆ ಕಾಳು ಕಟ್ಟಿತೆಂದರೆ ಅವನ ಪಾಡು ಮುಗಿಯಿತು. ನಮ್ಮ ಹಾಗೆ ರೊಬಸ್ಟಾ ಕಾಫಿ ಬೆಳೆದಿದ್ದರೆ ಗೊತ್ತಾಗುತ್ತಿತ್ತು. ನಮಗೆ ಮೊಗ್ಗು ಅರಳಿಸುವ ಹೂಮಳೆ ಒಂದೇ ಏಟಿಗೆ ಇಂಚಿನಷ್ಟು, ಅಂದರೆ 100 ಸೆಂಟ್ ಬೀಳಬೇಕು. ಎಂಟು ಒಂಬತ್ತು ದಿನಕ್ಕೆ ಹೂವು ಬಿರಿದಾಗ ಒಂದು ಹನಿಯೂ ಬೀಳಕೂಡದು, ಜೇನುನೊಣಗಳಿಗೆ ಕೆಲಸವಿರುತ್ತದೆ. ಆಮೇಲೆ ಎರಡು ಮೂರು ವಾರಕ್ಕೆ ಹದವಾಗಿ ಇನ್ನೊಂದು ಮಳೆ. ದೇವರಿಗೆ ದಿನಾಂಕ, ಅಳತೆ ಎಲ್ಲ ಬರೆದುಕೊಟ್ಟು ‘ನಿನ್ನ ಚಿತ್ತದಂತೆ ಆಗಲಿ’ ಎಂದು ಮುಗಿಸುವ ಭಕ್ತರು ನಾವು. ಯಕೋಬನ ಇದೇ ವಾಚನ ಮೂರು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರವೂ ಬರುತ್ತದೆ. ಆಗ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಮಳೆಗೆ ಕಾಯುವ ರೈತನ ಹೆಸರೆತ್ತಿದರೆ ಅರ್ಧ ಚರ್ಚು ಕಿಟಕಿಯ ಕಡೆ ನೋಡುತ್ತದೆ.

ಆ ಅಧ್ಯಾಯದಲ್ಲೇ ನಾಲ್ಕು ವಚನ ಮುಂದೆ ಹೋದರೆ ಎಲ್ಲವನ್ನೂ ಕಳೆದುಕೊಂಡ ಯೋಬನ ತಾಳ್ಮೆಯ ಹೊಗಳಿಕೆ ಇದೆ. ಯೋಬನ ಗ್ರಂಥವನ್ನು ನಾನೂ ಓದಿದ್ದೇನೆ. ಏಳು ದಿನ ಬಾಯಿ ಮುಚ್ಚಿ ಕುಳಿತದ್ದು ನಿಜ. ಮೂರನೆಯ ಅಧ್ಯಾಯಕ್ಕೆ ಹುಟ್ಟಿದ ದಿನವನ್ನೇ ಶಪಿಸಿ ಶುರು ಮಾಡಿದವನು ಆಮೇಲೆ ನಿಲ್ಲಿಸಿದ್ದು ಯಾವಾಗ? ಅದಕ್ಕೆ ತಾಳ್ಮೆ ಎನ್ನುವುದಾದರೆ ನನ್ನ ಹೆಂಡತಿ ನನ್ನ ಬಗ್ಗೆ ಹೇಳುವುದೆಲ್ಲ ಅನ್ಯಾಯ.

ತಾಳ್ಮೆ ಎಂದರೆ ನನಗೆ ನೆನಪಾಗುವುದು ಅಪ್ಪ. ಅಂಗಳದ ತುದಿಯಲ್ಲಿ ಅವರದೊಂದು ಮಳೆ ಮಾಪಕವಿತ್ತು: ತಗಡಿನ ಡಬ್ಬ, ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಬೆಳಿಗ್ಗೆ ಎಂಟಕ್ಕೆ ಆಲಿಕೆ ತೆಗೆದು, ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಹನಿ ಬೀಳದ ದಿನವೂ ಅಷ್ಟೇ. ಬಾಟಲಿಯನ್ನು ಬೋರಲು ಮಾಡಿ, ತಳಕ್ಕೆ ಎರಡು ಸಲ ತಟ್ಟಿ, ‘ಇಲ್ಲ’ ಎಂದು ಬರೆಯುತ್ತಿದ್ದರು. ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಪುಟದ ತುಂಬ ‘ಇಲ್ಲ’ಗಳೇ. ಮನೆಯಲ್ಲಿ ಮಾತು ಕಡಿಮೆಯಾಯಿತು, ಸಂಜೆಯ ಜಪಸರ ಉದ್ದವಾಯಿತು. ಮಂಡಿ ನೋವು ತಡೆಯಲಾರದೆಯೋ, ಅಪ್ಪನ ಮುಖ ನೋಡಲಾರದೆಯೋ, ಒಂದು ಬೆಳಿಗ್ಗೆ ಆರು ಗಂಟೆಗೇ ಎದ್ದು ಒಂದು ಚೊಂಬು ನೀರನ್ನು ಆಲಿಕೆಗೆ ಸುರಿದು ಬಂದೆ.

ಎಂಟಕ್ಕೆ ಅಪ್ಪ ಹೋದರು. ನಾನು ಕಂಬದ ಮರೆಯಲ್ಲಿದ್ದೆ. ಲೋಟ ತುಂಬಿತು. ಚೆಲ್ಲಿ ಮತ್ತೆ ಬಗ್ಗಿಸಿದರು, ಮತ್ತೆ ತುಂಬಿತು. ಅಂಗಳದಲ್ಲಿ ಕೋಳಿಗಳು ದೂಳಿನಲ್ಲಿ ಹೊರಳಾಡುತ್ತಿದ್ದವು. ಅಪ್ಪ ಆಕಾಶ ನೋಡಿದರು, ಕೋಳಿ ನೋಡಿದರು, ಕೊನೆಯ ಹನಿಯವರೆಗೂ ಅಳೆದರು. ಆಮೇಲೆ, “ರಾತ್ರಿ ಗುಡುಗು ಕೇಳಿತೇನೋ ನಿನಗೆ?” ಎಂದರು. “ಕೇಳಿತಪ್ಪ” ಎಂದೆ. “ಹೂಂ” ಎಂದು ಒಳಗೆ ಹೋದರು. ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕ ನನ್ನ ಪಾಲಿಗೆ ಬಂತು. ಆ ದಿನದ ಸಾಲಿನಲ್ಲಿ ಎಂದಿನಂತೆ ‘ಇಲ್ಲ’ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಚೊಂಬು, 2.90 ಇಂಚು.’

ಅಪ್ಪನ ಈ ನಂಬಿಕೆಯನ್ನು ಎಷ್ಟೋ ಜನರ ಮುಂದೆ ಹೊಗಳಿದ್ದೇನೆ. ಈಚೆಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿದೆ. ಅಪ್ಪನ ಹತ್ತಿರ ಪಂಪು ಇರಲಿಲ್ಲ. ಇದ್ದಿದ್ದರೆ?

ಮಂಗಳವಾರ ರಾತ್ರಿ ಮಳೆ ಬಂತು. ತಗಡಿನ ಮೇಲೆ ಸದ್ದು ಕೇಳಿ ಎದ್ದು ಕುಳಿತು ಸ್ತೋತ್ರ ಹೇಳುವಷ್ಟರಲ್ಲಿ ನಿಂತಿತು. ಬೆಳಿಗ್ಗೆ ಅಳೆದರೆ ಹದಿನೆಂಟು ಸೆಂಟ್. ಹದಿನೆಂಟು ಸೆಂಟಿಗಿಂತ ಒಣ ಬಿಸಿಲೇ ವಾಸಿ. ಮಲಗಿದ್ದ ಮೊಗ್ಗನ್ನು ತಟ್ಟಿ ಎಬ್ಬಿಸಿ, ಕಾಫಿ ಕೊಡದೆ ಹೋದ ಹಾಗೆ. ಅದು ಅತ್ತ ಅರಳುವುದೂ ಇಲ್ಲ, ಇತ್ತ ಮಲಗುವುದೂ ಇಲ್ಲ. ಪಕ್ಕದ ತೋಟಕ್ಕೆ ಎಪ್ಪತ್ತು ಬಿದ್ದಿದೆಯಂತೆ. ನಡುವೆ ಇರುವುದು ಒಂದು ಬೇಲಿ. ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಮಳೆ ಸುರಿಸುತ್ತಾನೆ ಎಂದು ಮತ್ತಾಯನ ಶುಭಸಂದೇಶದಲ್ಲಿದೆ. ಯಾರಿಗೆ ಎಷ್ಟು ಸೆಂಟ್ ಎಂಬುದು ಅಲ್ಲಿಲ್ಲ. ಬೇಲಿಯ ಯಾವ ಕಡೆಯವರು ನೀತಿವಂತರು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಎತ್ತುವುದಿಲ್ಲ.

ನಿನ್ನೆ ಕೊಟ್ಟಿಗೆಗೆ ಹೋಗಿ ಪಂಪಿನ ಮೇಲಿನ ಗೋಣಿ ತೆಗೆದೆ. ಒಂದು ಸುತ್ತು ನೋಡಿ ಮತ್ತೆ ಹೊದಿಸಿ ಬಂದೆ. “ಏನಾಯಿತು?” ಎಂದು ಹೆಂಡತಿ ಕೇಳಿದಳು. ಇಲಿ ಸೇರಿಕೊಂಡಿದೆಯೇ ಎಂದು ನೋಡಿದೆ ಎಂದೆ.

ಇದನ್ನು ಬರೆಯುತ್ತಿರುವಾಗ ಪಡುವಣದಲ್ಲಿ ಸಣ್ಣಗೆ ಗುಡುಗುತ್ತಿದೆ. ಪಕ್ಕದ ತೋಟದ ಪಂಪಿನ ಸದ್ದು ಈಗಷ್ಟೇ ನಿಂತಿತು. ಡೀಸೆಲ್ ಮುಗಿದಿರಬೇಕು.