ಸೋತವರ ದಶಕ

ಹತ್ತು ವರ್ಷಗಳ ಅತ್ಯುತ್ತಮ ಕುಸ್ತಿ ಪಂದ್ಯಗಳನ್ನು ನೆನಪಿಸಿಕೊಳ್ಳಲು ಕುಳಿತರೆ ನನಗೆ ಸೋತವರೇ ಮೊದಲು ಕಣ್ಣಮುಂದೆ ಬರುತ್ತಾರೆ. 2010ರಿಂದ 2019ರವರೆಗಿನ ವೃತ್ತಿಪರ ರೆಸ್ಲಿಂಗ್ ಬಗ್ಗೆ ಹೇಳುತ್ತಿದ್ದೇನೆ. ಚಾಂಪಿಯನ್ ಬೆಲ್ಟ್ ಎತ್ತಿ ಹಿಡಿದವರ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಆ ದಶಕದ ದೊಡ್ಡ ಪಂದ್ಯಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಾ ಹೋದರೆ, ಪಂದ್ಯವನ್ನು ಕಟ್ಟಿ ನಿಲ್ಲಿಸಿದವನು ಬಹುಪಾಲು ಸಲ ಕೊನೆಗೆ ಚಿತ್ ಆದವನೇ ಆಗಿರುತ್ತಾನೆ. ಇದು ನನ್ನ ವಾದ. ಒಪ್ಪದವರು ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಆ ಹಳೆಯ ತಕರಾರನ್ನು ಮುಗಿಸಿಬಿಡುತ್ತೇನೆ. "ಅದೆಲ್ಲ ನಾಟಕ, ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ" ಎಂದು ತುಮಕೂರಿನಲ್ಲಿ ಇದ್ದುಕೊಂಡು ಜನ ಹೇಗೆ ಹೇಳುತ್ತಾರೋ ನನಗೆ ತಿಳಿಯದು. ನಾಟಕ ಹೌದು, ಏನೀಗ? 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು. ಇಲ್ಲಿ ನಾಟಕ ಎಂಬುದು ಬೈಗುಳವಾಗಿದ್ದು ಯಾವಾಗಿನಿಂದ? ನಮ್ಮ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ದುರ್ಯೋಧನನ ತೊಡೆ ಮುರಿಯುತ್ತದೆ ಎಂಬುದು ಮುಂದೆ ಚಾಪೆಯ ಮೇಲೆ ಕುಳಿತ ಮಗುವಿಗೂ ಗೊತ್ತು. ಆದರೂ ಗದಾಯುದ್ಧ ನೋಡದೆ ಯಾರೂ ಏಳುವುದಿಲ್ಲ. ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಪಾತ್ರಕ್ಕೆ ಪಾತ್ರಧಾರಿಯೇ ಕೈಯಿಂದ ಹಣ ಕಟ್ಟಬೇಕು. ಹೆಚ್ಚು ಹಣ ಬೀಳುವ ಪಾತ್ರಗಳಲ್ಲಿ ದುರ್ಯೋಧನನದೂ ಒಂದು. ಕೊನೆಗೆ ನೆಲಕ್ಕೆ ಬೀಳಲಿಕ್ಕೆಂದೇ ಜನ ಕೊಬ್ಬರಿ ಮಾರಿದ ದುಡ್ಡನ್ನು ಸುರಿಯುತ್ತಾರೆ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕುಳಿತು ಪದ್ಯ ಕಲಿಯುತ್ತಾರೆ. ಇದನ್ನು ಕಂಡು ಬೆಳೆದವರಿಗೆ ಶಾನ್ ಮೈಕೆಲ್ಸ್ ಅರ್ಥವಾಗದೆ ಇರಲಾರ.

ಅಮೆರಿಕದ ಡಬ್ಲ್ಯುಡಬ್ಲ್ಯುಇ ಕಂಪನಿ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಜಾತ್ರೆ ರೆಸಲ್‌ಮೇನಿಯಾ. ಅದರ 26ನೆಯದು, 2010ರ ಮಾರ್ಚ್ 28, ಅರಿಜೋನಾದ ಗ್ಲೆಂಡೇಲ್. ಅಂಡರ್‌ಟೇಕರ್ ಎದುರು ಶಾನ್ ಮೈಕೆಲ್ಸ್. ಹಿಂದಿನ ವರ್ಷ ಹ್ಯೂಸ್ಟನ್‌ನಲ್ಲಿ ಇವರಿಬ್ಬರು ಆಡಿದ ಪಂದ್ಯವೇ ಮೇಲು ಎನ್ನುವವರು ಬಹಳ ಮಂದಿ ಇದ್ದಾರೆ. ಪಟ್ಟುಗಳ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅದು 2009ರದು, ನನ್ನ ಗಡಿಯ ಆಚೆ. ಗಡಿಯ ಒಳಗಿದ್ದರೂ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದೆ. ಷರತ್ತು ಹೀಗಿತ್ತು: ಅಂಡರ್‌ಟೇಕರ್ ಸೋತರೆ ರೆಸಲ್‌ಮೇನಿಯಾದಲ್ಲಿ ಒಮ್ಮೆಯೂ ಸೋಲದ ದಾಖಲೆ ಹೋಗುತ್ತದೆ, ಮೈಕೆಲ್ಸ್ ಸೋತರೆ ಅವನ ವೃತ್ತಿಯೇ ಹೋಗುತ್ತದೆ.

ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದವನು ಎಂದು ಶಾಲೆಯ ಹಿಂದಿನ ಬೆಂಚಿನಲ್ಲಿ ಆಣೆ ಮಾಡಿ ಹೇಳುತ್ತಿದ್ದ ತಲೆಮಾರು ನಮ್ಮದು. ಟ್ರಂಪ್ ಕಾರ್ಡ್ ಆಟದಲ್ಲಿ ಅವನ ಕಾರ್ಡು ಕೈಗೆ ಬಂದರೆ ಬೇರೆಯವರ ಎತ್ತರ, ತೂಕ, ಎದೆಯ ಸುತ್ತಳತೆ ನೋಡುವ ಅಗತ್ಯವೇ ಇಲ್ಲ ಎಂದುಕೊಂಡಿದ್ದವರು. ಹಾಗಾಗಿ ಅವನು ಗೆಲ್ಲುವುದರಲ್ಲಿ ನಮಗೆ ಸುದ್ದಿಯೇನೂ ಇರಲಿಲ್ಲ. ಆ ರಾತ್ರಿಯ ಕೊನೆಯ ಎರಡು ನಿಮಿಷಗಳನ್ನು ಮಾತ್ರ ನೋಡಿ. ಮೈಕೆಲ್ಸ್ ನಿಲ್ಲಲೂ ಆಗದೆ ಮಂಡಿಯ ಮೇಲಿದ್ದಾನೆ. ಮುಗಿಸಬೇಕಾದ ಅಂಡರ್‌ಟೇಕರ್ ಅನುಮಾನಿಸುತ್ತಾನೆ. ಆಗ ಮೈಕೆಲ್ಸ್ ಅವನ ಮೈಯನ್ನೇ ಹಿಡಿದು ಮೇಲೆದ್ದು, ಅಂಡರ್‌ಟೇಕರ್ ಯಾವಾಗಲೂ ಮಾಡುವ ಕತ್ತು ಸೀಳುವ ಸನ್ನೆಯನ್ನು ಅವನಿಗೇ ಮಾಡಿ ತೋರಿಸಿ ಕೆನ್ನೆಗೆ ಹೊಡೆಯುತ್ತಾನೆ. ಬರುವ ಸೋಲನ್ನು ತಾನೇ ಕೈಬೀಸಿ ಕರೆದ ಹಾಗೆ. ಅಂಡರ್‌ಟೇಕರ್ ಹಾರಿ ಹಾಕಿದ ಟೂಂಬ್‌ಸ್ಟೋನ್ ಎಂಬ ಪಟ್ಟಿಗೆ ಪಂದ್ಯ ಮುಗಿಯಿತು. ಗೆದ್ದವನೇ ಸೋತವನನ್ನು ಎಬ್ಬಿಸಿ, ಕೈಕುಲುಕಿ, ಅಪ್ಪಿಕೊಂಡ. ಎಂಟು ವರ್ಷಗಳ ಬಳಿಕ ಸೌದಿಯಲ್ಲಿ ಒಂದು ರಾತ್ರಿಗೆಂದು ಮೈಕೆಲ್ಸ್ ಮತ್ತೆ ರಿಂಗ್‌ಗೆ ಇಳಿದದ್ದು ನಿಜ. ಅದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ನೀವೂ ಇಟ್ಟುಕೊಳ್ಳಬೇಡಿ.

ಎರಡನೆಯದು ಸಿಎಂ ಪಂಕ್ ಮತ್ತು ಜಾನ್ ಸೀನಾ, 2011ರ ಜುಲೈ 17, ಶಿಕಾಗೋ ಪಕ್ಕದ ರೋಸ್‌ಮಾಂಟ್. ಈ ಪಂದ್ಯದ ಮಾತು ಬಂದಾಗಲೆಲ್ಲ ಪಂಕ್‌ನದೇ ಹೊಗಳಿಕೆ. ಸ್ವಂತ ಊರು, ಅದೇ ರಾತ್ರಿಗೆ ಮುಗಿಯುವ ಒಪ್ಪಂದ, ಕಂಪನಿಯ ಬೆಲ್ಟ್ ಹೊತ್ತುಕೊಂಡು ಹೋಗಿಬಿಡುತ್ತೇನೆ ಎಂಬ ಬೆದರಿಕೆ, ಮೂರು ವಾರ ಮೊದಲು ಮೈಕ್ ಹಿಡಿದು ಕುಳಿತು ಮಾಲೀಕರನ್ನೇ ಬೈದ ಭಾಷಣ. ಎಲ್ಲವೂ ಸರಿ. ಆದರೆ ಪಂದ್ಯದ ತಿರುವು ಸೀನಾನ ಕೈಯಲ್ಲಿದೆ. ಪಂಕ್ ಅವನ ಪಟ್ಟಿನಲ್ಲಿ ಸಿಕ್ಕಿಬಿದ್ದಿದ್ದಾಗ ಮಾಲೀಕ ವಿನ್ಸ್ ಮೆಕ್‌ಮಹನ್ ರಿಂಗ್ ಬಳಿಗೆ ಬಂದು, ಪಂಕ್ ಸೋಲೊಪ್ಪದೆಯೇ ಗಂಟೆ ಬಾರಿಸಲು ಹೇಳುತ್ತಾನೆ. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್‌ಗೆ ಮಾಡಿದ್ದ ಅದೇ ಮೋಸ. ಸೀನಾ ಪಟ್ಟು ಬಿಟ್ಟು ಕೆಳಗಿಳಿದು, ಗಂಟೆಯತ್ತ ಹೊರಟಿದ್ದ ಅಧಿಕಾರಿಗೆ ಗುದ್ದುತ್ತಾನೆ. ಹೀಗೆ ಗೆಲ್ಲುವುದು ಬೇಡ ಎನ್ನುತ್ತಾನೆ. ಮತ್ತೆ ಒಳಗೆ ಬಂದ ಮರುಕ್ಷಣ ಪಂಕ್‌ನ ಮೊಣಕಾಲು ಅವನ ಮುಖಕ್ಕೆ ಬಡಿಯುತ್ತದೆ, ಒಂದು, ಎರಡು, ಮೂರು. ಇಡೀ ಸಭಾಂಗಣ ತನ್ನನ್ನು ಬೈಯುತ್ತಿದ್ದಾಗಲೂ ಸೀನಾ ಒಳ್ಳೆಯವನಾಗಿಯೇ ಉಳಿದ, ಆ ಒಳ್ಳೆಯತನದಿಂದಲೇ ಸೋತ. ಪಂಕ್ ಬೆಲ್ಟ್ ಹಿಡಿದು ಜನರ ನಡುವೆ ಓಡಿಹೋದ ದೃಶ್ಯಕ್ಕೆ ಬೆಲೆ ಬಂದದ್ದು ಅದರಿಂದ.

ಈಗ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಪಂದ್ಯ. ರೆಸಲ್‌ಮೇನಿಯಾ 30, ನ್ಯೂ ಆರ್ಲಿಯನ್ಸ್, 2014ರ ಏಪ್ರಿಲ್ 6. ಬ್ರಾಕ್ ಲೆಸ್ನರ್ ಅಂಡರ್‌ಟೇಕರ್‌ನನ್ನು ಸೋಲಿಸಿದ. ಪರದೆಯ ಮೇಲೆ 21-1 ಎಂದು ಬಂದಾಗ ಬಾಯಿಗೆ ಕೈ ಇಟ್ಟುಕೊಂಡ ಪ್ರೇಕ್ಷಕರ ಮುಖಗಳನ್ನು ಎಲ್ಲರೂ ನೋಡಿದ್ದೀರಿ. ಆ ದಶಕದ ಅತಿ ದೊಡ್ಡ ಸೋಲು ಅದು. ಹಾಗಾದರೆ ಅದೇ ಅತ್ಯುತ್ತಮ ಪಂದ್ಯವಾಗಬೇಕಿತ್ತಲ್ಲ? ಆಗಲಿಲ್ಲ. ತಲೆಗೆ ಪೆಟ್ಟು ಬಿದ್ದು ಅಂಡರ್‌ಟೇಕರ್ ಪಂದ್ಯದ ನಡುವೆಯೇ ಮಂಕಾಗಿದ್ದ, ಆಟ ಎಳೆದಾಡಿಕೊಂಡು ಹೋಯಿತು. ಸೋಲು ದೊಡ್ಡದಾದರೆ ಸಾಲದು, ಸೋಲುವವನಿಗೆ ಅದನ್ನು ಆಡಿ ತೋರಿಸುವ ಕಸುವು ಮೈಯಲ್ಲಿ ಉಳಿದಿರಬೇಕು.

ಅದೇ ರಾತ್ರಿ ಡೇನಿಯಲ್ ಬ್ರಯನ್ ಎರಡು ಪಂದ್ಯ ಆಡಿದ. ಅವನ ಕಥೆಯ ಹಿನ್ನೆಲೆ ಗೊತ್ತಿಲ್ಲದವರಿಗಾಗಿ: ಕಂಪನಿಯ ಲೆಕ್ಕದಲ್ಲಿ ಅವನು ಆ ವರ್ಷದ ನಾಯಕನೇ ಆಗಿರಲಿಲ್ಲ. ಜನವರಿಯ ರಾಯಲ್ ರಂಬಲ್ ಎಂಬ ಮೂವತ್ತು ಜನರ ಪಂದ್ಯದಲ್ಲಿ ಅವನಿಗೆ ಜಾಗವನ್ನೇ ಕೊಟ್ಟಿರಲಿಲ್ಲ. ಗೆದ್ದ ಬಟಿಸ್ಟಾನನ್ನು ಜನ ಕೂಗಿ ಓಡಿಸಿದರು. ಕೊನೆಯವನಾಗಿ ಬಂದ ರೇ ಮಿಸ್ಟೀರಿಯೋನಂಥ ಮುದ್ದಿನ ಆಟಗಾರನಿಗೂ, ಅವನು ಬ್ರಯನ್ ಅಲ್ಲ ಎಂಬ ಒಂದೇ ಕಾರಣಕ್ಕೆ ಛೀಮಾರಿ ಹಾಕಿದರು. ಬರೆದಿಟ್ಟ ಕಥೆಯನ್ನು ಟಿಕೆಟ್ ಕೊಂಡವರೇ ತಿದ್ದಿಸಿದರು. "ಮೊದಲೇ ಬರೆದಿಟ್ಟಿರುತ್ತಾರೆ" ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ರೆಸಲ್‌ಮೇನಿಯಾದ ಮೊದಲ ಪಂದ್ಯದಲ್ಲಿ ಟ್ರಿಪಲ್ ಎಚ್ ಯಾವ ನೆಪವನ್ನೂ ಉಳಿಸಿಕೊಳ್ಳದೆ ಬ್ರಯನ್‌ಗೆ ಸೋತ. ಬ್ರಯನ್ ಕೊನೆಗೆ ಆಡಿದ ಮೂವರ ಪಂದ್ಯಕ್ಕಿಂತ ನನಗೆ ಅದೇ ಇಷ್ಟ. ಕಂಪನಿಯ ಅಧಿಕಾರಿ, ಮಾಲೀಕರ ಅಳಿಯ, ಸದಾ ತಾನೇ ಗೆಲ್ಲುತ್ತಾನೆ ಎಂಬ ಅಪವಾದ ಹೊತ್ತವನು ಅಷ್ಟು ಅಚ್ಚುಕಟ್ಟಾಗಿ ಸೋತದ್ದು ಅವನ ವೃತ್ತಿಯ ಅತ್ಯುತ್ತಮ ಕೆಲಸಗಳಲ್ಲಿ ಒಂದು.

ಐದು ವರ್ಷ ಬಿಟ್ಟು ಅದೇ ಬ್ರಯನ್ ಆ ಸಾಲವನ್ನು ತೀರಿಸಿದ. ನಡುವೆ 2016ರಲ್ಲಿ ವೈದ್ಯಕೀಯ ಕಾರಣಕ್ಕೆ ನಿವೃತ್ತಿ, 2018ರಲ್ಲಿ ಮರಳಿಕೆ, ಆಮೇಲೆ ಖಳನಾಯಕನ ವೇಷ. 2019ರ ಏಪ್ರಿಲ್ 7ರಂದು ನ್ಯೂಜೆರ್ಸಿಯಲ್ಲಿ ಘಾನಾದಲ್ಲಿ ಹುಟ್ಟಿದ ಕೋಫಿ ಕಿಂಗ್‌ಸ್ಟನ್‌ನನ್ನು ಅವನು ಚಾಂಪಿಯನ್ ಮಾಡಿದ ರೀತಿ ನೋಡಬೇಕು. ಮಾಡಿದ ಎಂದೇ ಹೇಳುತ್ತೇನೆ. ಹನ್ನೊಂದು ವರ್ಷ ಬೇರೆಯವರ ಪಂದ್ಯಗಳಿಗೆ ಉಪ್ಪಿನಕಾಯಿಯಂತೆ ಬಳಕೆಯಾಗಿದ್ದ ಆಟಗಾರನನ್ನು ಮೊದಲು ಜನ ಅಯ್ಯೋ ಎನ್ನುವಷ್ಟು ಹಣಿದು, ಆಮೇಲೆ ಅವನ ಒಂದೊಂದು ಏಟಿಗೂ ತಾನು ಕುಗ್ಗುತ್ತಾ ಬಂದ. ಅದೇ ರಾತ್ರಿ ಮಹಿಳೆಯರು ಮೊದಲ ಬಾರಿಗೆ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಆಡಿದರು. ಇತಿಹಾಸ ನಿಜ, ಪಂದ್ಯ ಸಾಧಾರಣ. ಸೋತ ರಾಂಡಾ ರೌಸಿಯ ಭುಜ ನೆಲಕ್ಕೆ ಸರಿಯಾಗಿ ತಾಗದೆಯೇ ಎಣಿಕೆ ಮುಗಿದುಹೋಯಿತು.

ಮಹಿಳೆಯರ ಪಂದ್ಯ ಬೇಕೆಂದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಿ. 2015ರ ಫೆಬ್ರವರಿಯಲ್ಲಿ ರಾ ಕಾರ್ಯಕ್ರಮದಲ್ಲಿ ನಾಲ್ವರು ಹೆಣ್ಣುಮಕ್ಕಳ ಪಂದ್ಯಕ್ಕೆ ಕೊಟ್ಟದ್ದು ಅರ್ಧ ನಿಮಿಷದಷ್ಟು ಸಮಯ. ಆ ಅವಮಾನದ ಸಿಟ್ಟು ಜಾಲತಾಣದಲ್ಲೆಲ್ಲ ಹರಡಿತು. ಅದೇ ವರ್ಷದ ಆಗಸ್ಟ್ 22ರಂದು ಬ್ರೂಕ್ಲಿನ್‌ನಲ್ಲಿ, ಎನ್‌ಎಕ್ಸ್‌ಟಿ ಕಾರ್ಯಕ್ರಮದಲ್ಲಿ ಸಾಷಾ ಬ್ಯಾಂಕ್ಸ್ ಮತ್ತು ಬೇಲಿ ಆಡಿದರು. ಎನ್‌ಎಕ್ಸ್‌ಟಿ ಎಂಬುದು ಕಂಪನಿಯ ಕಿರಿಯರ ಶಾಲೆ. ಮಕ್ಕಳು ಮೆಚ್ಚುವ ಮುಗ್ಧೆ ಬೇಲಿ, ಸೊಕ್ಕಿನ ಚಾಂಪಿಯನ್ ಸಾಷಾ. ಬೇಲಿಯ ಗಾಯಗೊಂಡಿದ್ದ ಕೈಯನ್ನೇ ಹುಡುಕಿ ಹುಡುಕಿ ಸಾಷಾ ತುಳಿಯುತ್ತಾಳೆ. ದುಷ್ಟತನಕ್ಕೂ ಒಂದು ಶಿಸ್ತು ಬೇಕು. ಸಾಷಾಳ ಒಂದು ಹೆಜ್ಜೆಯೂ ಕಥೆಯಿಂದ ಆಚೆ ಬೀಳುವುದಿಲ್ಲ. ಬೇಲಿ ಗೆದ್ದಾಗ ಜನ ಅತ್ತರು. ಅಕ್ಟೋಬರ್‌ನ ಮರುಪಂದ್ಯ ಅರ್ಧ ಗಂಟೆಯದು. ಅದರಲ್ಲಿ ಸಾಷಾ ರಿಂಗ್ ಪಕ್ಕ ಕುಳಿತಿದ್ದ ಬೇಲಿಯ ಪುಟ್ಟ ಅಭಿಮಾನಿಯ ತಲೆಪಟ್ಟಿ ಕಿತ್ತುಕೊಂಡು ಆ ಮಗುವನ್ನು ಅಳಿಸಿಬಿಟ್ಟಳು. ನಮ್ಮ ಮನೆಯಲ್ಲಿ ಅದನ್ನು ನೋಡುತ್ತಿದ್ದವರೆಲ್ಲ ಟಿವಿಗೇ ಬೈದರು. ಎರಡು ಪಂದ್ಯಗಳಲ್ಲೂ ಸೋತವಳು ಸಾಷಾ. ಎರಡನ್ನೂ ನಾನು ನೋಡುವುದು ಅವಳಿಗಾಗಿ.

ಇಲ್ಲಿ ಅಕ್ಕನ ಮಗನ ಪ್ರವೇಶ. ಅವನ ಪ್ರಕಾರ ಈ ದಶಕದ ಲೆಕ್ಕ ಟೋಕಿಯೋದಲ್ಲಿ ಶುರುವಾಗಿ ಒಸಾಕಾದಲ್ಲಿ ಮುಗಿಯಬೇಕು. "ಮಾಮ, ಡೇವ್ ಮೆಲ್ಟ್ಸರ್ ಏಳು ನಕ್ಷತ್ರ ಕೊಟ್ಟಿದ್ದಾನೆ, ನೀವು ಇನ್ನೂ ಸೀನಾ ಸೀನಾ ಎನ್ನುತ್ತೀರಿ" ಎನ್ನುತ್ತಾನೆ. ಮೆಲ್ಟ್ಸರ್ ಎಂದರೆ ಪಂದ್ಯಗಳಿಗೆ ನಕ್ಷತ್ರ ಹಾಕುವ ಅಮೆರಿಕದ ಪತ್ರಕರ್ತ. ಐದಕ್ಕೆ ನಿಲ್ಲಬೇಕಾದ ಮಾಪನದಲ್ಲಿ ಏಳು ಕೊಡುವವನ ಲೆಕ್ಕವನ್ನು ನಮ್ಮ ಮಾರುಕಟ್ಟೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂದು ಅವನನ್ನು ಕೆಣಕುತ್ತಿರುತ್ತೇನೆ. ಆದರೆ ಪಂದ್ಯಗಳ ವಿಷಯದಲ್ಲಿ ಹುಡುಗ ಹೇಳುವುದು ನಿಜ.

ಜಪಾನಿನ ಕಜುಚಿಕಾ ಒಕಾಡಾ ಮತ್ತು ಕೆನಡಾದ ಕೆನ್ನಿ ಒಮೇಗಾ ನಾಲ್ಕು ಸಲ ಎದುರಾದರು. 2017ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಮುಕ್ಕಾಲು ಗಂಟೆಗೂ ಮೀರಿದ ಪಂದ್ಯ, ಒಕಾಡಾ ಗೆದ್ದ. ಜೂನ್‌ನಲ್ಲಿ ಒಸಾಕಾದಲ್ಲಿ ಪೂರ್ತಿ 60 ನಿಮಿಷ, ಸಮಬಲ. ಆಗಸ್ಟ್‌ನಲ್ಲಿ ಒಮೇಗಾ ಗೆದ್ದ. 2018ರ ಜೂನ್ 9ರಂದು ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯದಲ್ಲಿ ಒಮೇಗಾ ಬೆಲ್ಟ್ ಕಿತ್ತುಕೊಂಡ. ಒಕಾಡಾನ 720 ದಿನಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. ಇವುಗಳ ಕುಶಲತೆ ಎಲ್ಲಿದೆಯೆಂದರೆ, ಮೊದಲ ಪಂದ್ಯದಲ್ಲಿ ಒಮೇಗಾ ತನ್ನ ಕೊನೆಯ ಅಸ್ತ್ರವಾದ ಒನ್ ವಿಂಗ್ಡ್ ಏಂಜೆಲ್ ಪಟ್ಟನ್ನು ಹಾಕಲು ಆಗುವುದೇ ಇಲ್ಲ. ಪ್ರಯತ್ನಿಸುತ್ತಾನೆ, ತಪ್ಪಿಹೋಗುತ್ತದೆ. ನೋಡುವವರಿಗೆ ಅದು ಬಾಕಿ ಉಳಿಯುತ್ತದೆ. ಎರಡನೆಯದರಲ್ಲಿ ಕೊನೆಗೂ ಹಾಕಿದಾಗ ಒಕಾಡಾನ ಕಾಲು ಹಗ್ಗಕ್ಕೆ ತಾಗಿ ಎಣಿಕೆ ನಿಲ್ಲುತ್ತದೆ. ಒಂದು ಪಟ್ಟಿನ ಫಲಕ್ಕಾಗಿ ಜನರನ್ನು ತಿಂಗಳುಗಟ್ಟಲೆ ಕಾಯಿಸುವ ಈ ಸಂಯಮ ಅಮೆರಿಕದ ಕಂಪನಿಗೆ ಆ ಹತ್ತು ವರ್ಷಗಳಲ್ಲಿ ಅಪರೂಪಕ್ಕೂ ಬರಲಿಲ್ಲ. ನಾಲ್ಕರಲ್ಲಿ ಯಾವುದು ಮೇಲು ಎಂದರೆ ನನ್ನ ಮತ ಮೊದಲನೆಯದಕ್ಕೆ, ಹುಡುಗನದು ನಾಲ್ಕನೆಯದಕ್ಕೆ. ಮೊದಲನೆಯದರಲ್ಲಿ ಸೋತ ಒಮೇಗಾ ಹೊರಗೆ ಹೋಗುವಾಗ ಒಳಗೆ ಬಂದಾಗಿನದಕ್ಕಿಂತ ದೊಡ್ಡ ಆಟಗಾರನಾಗಿದ್ದ.

ಜಿಂದರ್ ಮಹಲ್ ಬಗ್ಗೆ ಕೇಳುವವರಿಗೆ: 2017ರ ಮೇ ತಿಂಗಳಲ್ಲಿ ಅವನು ಚಾಂಪಿಯನ್ ಆದಾಗ ಭಾರತೀಯರೆಲ್ಲ ಹಿಗ್ಗಬೇಕೆಂದು ಕಂಪನಿ ಬಯಸಿತ್ತು. ಕೆನಡಾದಲ್ಲಿ ಹುಟ್ಟಿ ಬೆಳೆದವನಿಗೆ ಪೇಟ ತೊಡಿಸಿ, ಅಮೆರಿಕನ್ನರನ್ನು ಬೈಯಲು ಹಚ್ಚಿ, ನಮಗೆ ಅಭಿಮಾನ ಮಾರಲು ಹೊರಟರು. ನವೆಂಬರ್‌ನಲ್ಲಿ ಬೆಲ್ಟ್ ಕಿತ್ತುಕೊಂಡು, ಡಿಸೆಂಬರ್‌ನಲ್ಲಿ ದೆಹಲಿಗೇ ಕರೆತಂದು ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿದರು. ಇಲ್ಲಿಯೂ ಸೋತವನಿದ್ದಾನೆ, ಆದರೆ ಸೋಲಿಗೆ ಕಥೆಯೇ ಇಲ್ಲ.

ಕೊನೆಯದಾಗಿ, ನನ್ನ ಪಟ್ಟಿಯ ತಲೆಯ ಮೇಲಿರುವುದು. 2019ರ ಮೇ 25, ಲಾಸ್ ವೇಗಸ್, ಹೊಸದಾಗಿ ಹುಟ್ಟಿದ ಎಇಡಬ್ಲ್ಯು ಕಂಪನಿಯ ಮೊದಲ ದೊಡ್ಡ ಕಾರ್ಯಕ್ರಮ. ಕೋಡಿ ಮತ್ತು ಡಸ್ಟಿನ್ ರೋಡ್ಸ್. ಅಣ್ಣತಮ್ಮಂದಿರು, ದಿವಂಗತ ಡಸ್ಟಿ ರೋಡ್ಸ್ ಮಕ್ಕಳು. ತಮ್ಮನಿಗೆ 33, ಅಣ್ಣನಿಗೆ 50. ಅಣ್ಣನನ್ನು ನಾವು ಗೋಲ್ಡಸ್ಟ್ ಎಂಬ ಹೆಸರಿನಲ್ಲಿ, ಬಂಗಾರದ ಬಣ್ಣ ಬಳಿದ ಮುಖದಲ್ಲಿ ಬಲ್ಲೆವು. ಚಿಕ್ಕಂದಿನಲ್ಲಿ ಆ ಕಾರ್ಡು ಬಂದರೆ ಹೇಗಾದರೂ ದಾಟಿಸಿಬಿಡುತ್ತಿದ್ದೆವು. ಆ ರಾತ್ರಿ ಮುಖವೆಲ್ಲ ರಕ್ತವಾಗಿ, ಕಣ್ಣು ಬಿಡಲಾಗದಿದ್ದರೂ ಪ್ರತಿ ಎಣಿಕೆಗೂ ಭುಜ ಎತ್ತುತ್ತಲೇ ಹೋದ. ರಕ್ತ ಅತಿಯಾಯಿತು ಎಂಬ ಮಾತನ್ನು ಒಪ್ಪುತ್ತೇನೆ, ಮನೆಯ ಮಕ್ಕಳಿಗೆ ತೋರಿಸಬೇಡಿ. ಆದರೆ ತಮ್ಮನ ಮುಖ ನೋಡಿ, ಹೊಡೆಯಲು ಕೈಬಾರದ ಆ ಹಿಂಜರಿಕೆ ನೋಡಿ. ಗೆದ್ದ ಮೇಲೆ ಕೋಡಿ, ಮುಂದಿನ ಜೋಡಿ ಪಂದ್ಯಕ್ಕೆ ಜೊತೆಗಾರ ಬೇಡ, ತನಗೆ ತನ್ನ ಅಣ್ಣ ಬೇಕು ಎಂದ. ಇಬ್ಬರೂ ತಬ್ಬಿಕೊಂಡು ಅತ್ತರು. ಅಣ್ಣತಮ್ಮಂದಿರ ಆಸ್ತಿ ಜಗಳಗಳನ್ನು ಕೋರ್ಟಿನ ಜಗಲಿಯಲ್ಲಿ ನೋಡಿ ನೋಡಿ ಸಾಕಾದ ನಮ್ಮ ಊರಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

"ರಾಕ್ ಮತ್ತು ಸೀನಾ ಎಲ್ಲಿ ಹೋದರು?" ಎಂದು ಕೆಳಗೆ ಬಂದು ಕೇಳುವವರಿಗೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. 2012ರಲ್ಲಿ ಮಯಾಮಿಯಲ್ಲಿ ನಡೆದ ಆ ಪಂದ್ಯವನ್ನು ಜೀವಮಾನದಲ್ಲಿ ಒಂದೇ ಬಾರಿ ಎಂದು ವರ್ಷವಿಡೀ ಸಾರಿ ಮಾರಿದರು. ಸೀನಾ ಸೋತ, ಸೋಲನ್ನು ಚೆನ್ನಾಗಿಯೇ ಆಡಿದ. ಮರುವರ್ಷವೇ ಅದೇ ಇಬ್ಬರನ್ನು ಕರೆತಂದು ಸೀನಾನನ್ನು ಗೆಲ್ಲಿಸಿದರು. ಅವನ ಸೋಲನ್ನು ಕಂಪನಿಯೇ ಅಳಿಸಿಹಾಕಿದ ಮೇಲೆ ನಾನೇಕೆ ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲಿ?