ಸರತಿ ಸಾಲನ್ನೇ ಮಾರುವವರಿಗೆ ಒಬ್ಬ ಹಳೆಯ ಗಿರಾಕಿಯ ಮಾತು

ಅಕ್ಕನ ಮಗನ ಎತ್ತರ 139 ಸೆಂಟಿಮೀಟರ್ ಎಂಬುದು ನನಗೆ ಗೊತ್ತಾದದ್ದು ಕಳೆದ ಡಿಸೆಂಬರಿನ ಒಂದು ಶನಿವಾರ, ಅಮ್ಯೂಸ್‌ಮೆಂಟ್ ಪಾರ್ಕೊಂದರ ರೋಲರ್ ಕೋಸ್ಟರಿಗಾಗಿ ಎರಡೂಕಾಲು ಗಂಟೆ ಸರತಿ ಸಾಲಿನಲ್ಲಿ ನಿಂತ ಮೇಲೆ. ಅದನ್ನು ಹತ್ತಲು ಬೇಕಾದ ಎತ್ತರ 140. ಸಾಲು ಶುರುವಾಗುವಲ್ಲಿ ಕೈ ಚಾಚಿ ನಿಂತ ಕರಡಿಯ ಚಿತ್ರದ ಹಲಗೆಯೊಂದಿತ್ತು. ಹುಡುಗನ ತಲೆ ಕರಡಿಯ ಅಂಗೈಗೆ ತಾಗಿದ್ದನ್ನು ನೋಡಿ ಅಲ್ಲಿದ್ದವರು ತಲೆಯಾಡಿಸಿ ಒಳಗೆ ಬಿಟ್ಟಿದ್ದರು. ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಹೊಡೆದ ಬೇರೊಂದು ಅಳತೆಪಟ್ಟಿ ಇತ್ತು. ಚಪ್ಪಲಿ ಬಿಚ್ಚಿಸಿ, ಗೋಡೆಗೆ ಒರಗಿಸಿ, ತಲೆಯ ಮೇಲೊಂದು ರಟ್ಟು ಇಟ್ಟು ನೋಡಿದರು. “ಮಾಮ, ಕೆಳಗೆ ಸರಿ ಉಂಟು ಅಂತ ಹೇಳಿದ್ರಲ್ಲ?” ಎಂದು ಅವನು ನನ್ನನ್ನು ಕೇಳಿದ, ನಾನು ಆಪರೇಟರನ್ನು ಕೇಳಿದೆ. ಬೆಳಗ್ಗಿನಿಂದ ನಿಂತೇ ಇದ್ದ ಆ ಯುವಕ ಸಂಕೋಚದಿಂದಲೇ ಹೇಳಿದ: “ಸರ್, ಕೆಳಗಿನದು ಡೆಕೊರೇಷನ್‌ಗೆ ಇಟ್ಟಿರೋದು. ಇದೇ ಸರಿಯಾದ ಅಳತೆ.” ನಾವಿಬ್ಬರೂ ಪಕ್ಕದ ಕಬ್ಬಿಣದ ಮೆಟ್ಟಿಲಿನಲ್ಲಿ ಇಳಿದು ಬಂದೆವು.

ಆ ಒಂದು ಸೆಂಟಿಮೀಟರಿನ ಬಗ್ಗೆ ನನ್ನ ತಕರಾರಿಲ್ಲ. ಎತ್ತರದ ಮಿತಿಯನ್ನು ಕೋಸ್ಟರ್ ತಯಾರಿಸಿದವರು ನಿಗದಿ ಮಾಡಿರುತ್ತಾರೆ. ಭುಜ ಮತ್ತು ತೊಡೆಯನ್ನು ಹಿಡಿದಿಡುವ ಸಾಧನ ಯಾವ ಗಾತ್ರದ ದೇಹಕ್ಕೆ ಸರಿಯಾಗಿ ಕೂರುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಆ ಯುವಕ ಹುಡುಗನನ್ನು ಇಳಿಸಿದ್ದು ಸರಿಯೇ. ಆದರೆ ಸರಿಯಾದ ಅಳತೆಪಟ್ಟಿಯನ್ನು ಸಾಲಿನ ತುದಿಯಲ್ಲಿಟ್ಟು, ಅಲಂಕಾರದ ಕರಡಿಯನ್ನು ಸಾಲಿನ ಆರಂಭದಲ್ಲಿ ನಿಲ್ಲಿಸಿದವರು ಯಾರೆಂಬುದು ನನ್ನ ಪ್ರಶ್ನೆ. ಆ ಪಾರ್ಕಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಘಟ್ಟದ ಮೇಲಿದೆ, ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಬೇಕು ಎಂದಷ್ಟೇ ಹೇಳುತ್ತೇನೆ. ಒಂಬತ್ತು ವರ್ಷಗಳಿಂದ ತಪ್ಪದೆ ಅಲ್ಲಿಗೆ ಹೋಗುತ್ತಿದ್ದೇನೆ ಎಂಬುದನ್ನೂ ಸೇರಿಸಬೇಕು, ಏಕೆಂದರೆ ಈ ಬರಹ ಒಂದು ದಿನದ ಸಿಟ್ಟಿನಿಂದ ಹುಟ್ಟಿದ್ದಲ್ಲ.

ನನಗೆ ಈ ಹುಚ್ಚು ಹಿಡಿದದ್ದು ಮುಂಬಯಿಯಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದರ ಮರುವರ್ಷದ ಬೇಸಿಗೆ ರಜೆಯಲ್ಲಿ ಮತ್ಸ್ಯಗಂಧ ಹತ್ತಿ ದೊಡ್ಡಪ್ಪನ ಮನೆಗೆ ಹೋದೆವು. ಕರಾವಳಿಯ ಅನೇಕ ಮನೆಗಳಂತೆ ನಮ್ಮ ಮನೆಗೂ ಮುಂಬಯಿಯ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಒಬ್ಬ ದೊಡ್ಡಪ್ಪ ಇದ್ದರು. ವಾರದ ಒಂದೇ ಒಂದು ರಜೆಯ ದಿನ ಅವರು ನಮ್ಮನ್ನು ಮಾರ್ವೆಯ ಜೆಟ್ಟಿಯಿಂದ ದೋಣಿಯಲ್ಲಿ ಕೂರಿಸಿ, ಗೊರಾಯಿಯ ಎಸ್ಸೆಲ್‌ವರ್ಲ್ಡಿಗೆ ಕರೆದೊಯ್ದರು. 1989ರಲ್ಲಿ ಆರಂಭವಾಗಿದ್ದ ಆ ಪಾರ್ಕಿನ ಜಾಹೀರಾತನ್ನು ದೂರದರ್ಶನದಲ್ಲಿ ನೋಡಿ ನೋಡಿ ನಮಗೆ ಅದು ಬಾಯಿಪಾಠವಾಗಿತ್ತು. ನಮ್ಮ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿಯಂಥದ್ದೇ ದೋಣಿ, ಅಂಥದ್ದೇ ಡೀಸೆಲ್ ವಾಸನೆ; ಆದರೆ ಆಚೆ ದಡದಲ್ಲಿ ತೆಂಗಿನ ಮರಗಳ ಮೇಲಿಂದ ಕಬ್ಬಿಣದ ಹಳಿಗಳು ತಲೆ ಎತ್ತಿ ನಿಂತಿದ್ದವು. ನೆಹರೂ ಮೈದಾನದ ಎಕ್ಸಿಬಿಷನ್ನಿನ ತೊಟ್ಟಿಲನ್ನಷ್ಟೇ ಕಂಡಿದ್ದ ನಾನು ಆ ದಿನ ಸಂಜೆ ಮರಳುವ ದೋಣಿ ಹತ್ತಲು ಒಪ್ಪಲೇ ಇಲ್ಲವೆಂದು ಮನೆಯಲ್ಲಿ ಈಗಲೂ ನಗುತ್ತಾರೆ.

ಯಕ್ಷಗಾನದವರು ವೇಷ ಕಟ್ಟುವ ಚೌಕಿಯ ಆಚೀಚೆ ಸುಳಿದಾಡಿದವರಿಗೆ ಅಭಿಮಾನಿ ಎಂದರೆ ಯಾರೆಂದು ವಿವರಿಸಬೇಕಿಲ್ಲ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತ ಹಿರಿಯರಿಗೆ ಭಾಗವತರು ಯಾವ ಪದ್ಯವನ್ನು ಹಾರಿಸಿದರು, ಯಾವ ವೇಷ ಅರ್ಧ ಗಂಟೆ ಮೊದಲೇ ಒಳಗೆ ಹೋಯಿತು ಎಂಬುದೆಲ್ಲ ಗೊತ್ತಿರುತ್ತದೆ. ಬೆಳಗಿನವರೆಗೆ ಆಡದೆ ಬೇಗನೆ ಮುಗಿಸುವ ಕಾಲಮಿತಿಯ ಆಟ ಬಂದಾಗ ಅತಿ ಹೆಚ್ಚು ಗೊಣಗಿದವರೂ ಅವರೇ, ಮರುದಿನದ ಆಟಕ್ಕೆ ಮೊದಲು ಬಂದು ಕುಳಿತವರೂ ಅವರೇ. ಪಾರ್ಕಿನ ಹಳೆಯ ಗಿರಾಕಿಯೂ ಇದೇ ಜಾತಿಗೆ ಸೇರಿದವನು. ಕೊಳದ ಬಳಿ ಸಂಜೆ ನಾಲ್ಕರ ಹೊತ್ತಿಗೆ ಕಣ್ಣುರಿಸುವ ವಾಸನೆ ಎದ್ದಾಗ, ಹೊಸಬರು ಕ್ಲೋರಿನ್ ಜಾಸ್ತಿ ಹಾಕಿದ್ದಾರೆ ಎಂದುಕೊಳ್ಳುತ್ತಾರೆ. ನಿಜ ಸಂಗತಿ ಹೆಚ್ಚುಕಡಿಮೆ ಅದಕ್ಕೆ ವಿರುದ್ಧವಾದದ್ದು: ಬೆವರು ಮತ್ತು ಮೂತ್ರದೊಡನೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೈನಿನ ವಾಸನೆ ಅದು, ಎಂದರೆ ಅಷ್ಟು ಜನರ ಮೈ ತೊಳೆದ ನೀರಿಗೆ ಕೆಲಸಕ್ಕೆ ಬರುವ ಕ್ಲೋರಿನ್ ಸಾಲದಾಗಿದೆ ಎಂಬುದರ ಸೂಚನೆ. ಇಂಥದ್ದನ್ನು ನಾವು ಪುಸ್ತಕ ನೋಡಿ ಕಲಿತವರಲ್ಲ. ಮೂಗಿನಿಂದ ಕಲಿತೆವು, ಆಮೇಲೆ ಓದಿ ಖಚಿತಪಡಿಸಿಕೊಂಡೆವು.

ಈಗ ಎರಡೂಕಾಲು ಗಂಟೆಯ ಲೆಕ್ಕಕ್ಕೆ ಬರುತ್ತೇನೆ. ಸಾಲಿನಲ್ಲಿ ನಿಂತವನಿಗೆ ಬೇರೆ ಕೆಲಸವಿಲ್ಲದ್ದರಿಂದ ನಾನು ಮೊಬೈಲಿನಲ್ಲಿ ಸಮಯ ಅಳೆಯುತ್ತಿದ್ದೆ. ಆ ಕೋಸ್ಟರಿನ ರೈಲಿನಲ್ಲಿ 24 ಆಸನಗಳಿವೆ. ಜನ ಹತ್ತಿ, ಬೆಲ್ಟು ನೋಡಿ, ರೈಲು ಒಂದು ಸುತ್ತು ಹೋಗಿ ಬಂದು, ಜನ ಇಳಿಯಲು ಐದು ನಿಮಿಷ ಬೇಕಾಗುತ್ತಿತ್ತು. ಗಂಟೆಗೆ 12 ಸುತ್ತು, 288 ಜನ. ಆದರೆ ಈ ಕೋಸ್ಟರಿಗೆ ರೈಲುಗಳಿರುವುದು ಎರಡು. ಹಳಿಯನ್ನು ವಿಭಾಗಗಳಾಗಿ ಮಾಡಿ, ಒಂದು ವಿಭಾಗದಲ್ಲಿ ಒಂದೇ ರೈಲು ಇರುವಂತೆ ಬ್ರೇಕುಗಳನ್ನು ಅಳವಡಿಸಿರುತ್ತಾರೆ. ಒಂಟಿ ಹಳಿಯ ಕೊಂಕಣ ರೈಲ್ವೆಯಲ್ಲಿ ಕ್ರಾಸಿಂಗಿಗೆ ಕಾದು ಕುಳಿತ ನಮಗೆ ಈ ತತ್ವವನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಒಂದು ರೈಲು ಸುತ್ತು ಹಾಕುವಾಗ ಇನ್ನೊಂದಕ್ಕೆ ಜನ ಹತ್ತಬಹುದು, ಹಾಗಾಗಿ ಮೂರು ನಿಮಿಷಕ್ಕೊಂದು ರೈಲು ಬಿಟ್ಟರೂ ಗಂಟೆಗೆ 480 ಜನ ಹೋಗುತ್ತಾರೆ. ಹಿಂದಿನ ವರ್ಷಗಳಲ್ಲಿ ಹಾಗೆಯೇ ನಡೆಯುತ್ತಿತ್ತು. ಈ ಸಲ ಎರಡನೆಯ ರೈಲು ಪಕ್ಕದ ಶೆಡ್ಡಿನಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಮಲಗಿತ್ತು, ಅದರ ಮೇಲೆ ಒಣಗಿದ ಎಲೆಗಳು ಬಿದ್ದಿದ್ದವು.

ಇದರ ಜೊತೆಗೆ ಫಾಸ್ಟ್ ಟ್ರ್ಯಾಕ್ ಸೇರಿತು. ಹೆಚ್ಚು ಕಡಿಮೆ ಇಮ್ಮಡಿ ಹಣ ಕೊಟ್ಟು ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡವರಿಗಾಗಿ ಪ್ರತಿ ಸುತ್ತಿನಲ್ಲಿ ಮುಂದಿನ ಎರಡು ಸಾಲು, ಎಂದರೆ 8 ಆಸನಗಳನ್ನು ಬಿಡಬೇಕು. ಆಗ ಸಾಮಾನ್ಯ ಸಾಲಿಗೆ ಉಳಿಯುವುದು 16 ಆಸನ, ಗಂಟೆಗೆ 192 ಜನ. ನಮ್ಮ ಮುಂದೆ ಸುಮಾರು 430 ಜನ ಇದ್ದರು. ಎರಡೂ ರೈಲು ಓಡಿ, ಬೇರೆ ಬಣ್ಣದ ಪಟ್ಟಿ ಇಲ್ಲದಿದ್ದರೆ ಒಂದು ಗಂಟೆಯೊಳಗೆ ಮುಗಿಯಬೇಕಾದದ್ದು ಎರಡೂಕಾಲು ಗಂಟೆಗೆ ಹೋಯಿತು. ಸಾಲು ಬೆಳೆದಷ್ಟೂ ಪಟ್ಟಿ ಮಾರುವ ಕೌಂಟರಿನ ಮುಂದೆ ಜನ ಹೆಚ್ಚುತ್ತಿದ್ದರು. ಹೆಚ್ಚಿದಷ್ಟೂ ನಮ್ಮ ಸಾಲು ನಿಧಾನವಾಗುತ್ತಿತ್ತು. ಸರತಿ ಎಂಬುದು ಪಾರ್ಕಿನ ಆಡಳಿತಕ್ಕೆ ಬಗೆಹರಿಸಬೇಕಾದ ತೊಂದರೆಯಾಗಿ ಇದ್ದಷ್ಟು ಕಾಲ ನಾವೂ ಅವರೂ ಒಂದೇ ಕಡೆ ಇದ್ದೆವು. ಅದನ್ನೇ ಮಾರಬಹುದು ಎಂದು ತಿಳಿದ ದಿನದಿಂದ, ಎರಡನೆಯ ರೈಲನ್ನು ಓಡಿಸಲು ಅವರಿಗೆ ಯಾವ ಅವಸರವೂ ಉಳಿದಿಲ್ಲ. ನನ್ನ ಮುಖ್ಯ ದೂರು ಇದೇ.

ಇದು ನಮ್ಮ ದೇಶದ್ದೇ ರೋಗವೆಂದು ಹೇಳಲಾರೆ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದಕ್ಕೆ ಬೇರೆ ಶುಲ್ಕವಿರಲಿಲ್ಲ. ಟಿಕೆಟು ಇದ್ದ ಯಾರೇ ಆದರೂ ಯಂತ್ರದಿಂದ ಚೀಟಿ ತೆಗೆದುಕೊಂಡು, ಹೇಳಿದ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಹಳೆಯ ವಾರ್ಷಿಕ ಪಾಸುಗಳನ್ನು ನಿಲ್ಲಿಸಿ, 1,399 ಡಾಲರಿನ ಹೊಸ ಪಾಸೊಂದನ್ನು ನಿರ್ಬಂಧಿತ ದಿನಗಳೇ ಇಲ್ಲವೆಂದು ಹೇಳಿ ಮಾರಿತು. ಪಾಸು ಕೊಂಡವರು ಮುಂಗಡ ಕಾಯ್ದಿರಿಸಲು ಹೋದಾಗ, ದಿನದ ಟಿಕೆಟು ಕೊಳ್ಳುವವರಿಗೆ ಜಾಗವಿರುತ್ತಿತ್ತು, ಇವರಿಗೆ ಇರುತ್ತಿರಲಿಲ್ಲ ಎಂಬ ದೂರು ನ್ಯಾಯಾಲಯಕ್ಕೆ ಹೋಗಿ, 2023ರಲ್ಲಿ ಕಂಪನಿ 95 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. ಅತಿ ಹೆಚ್ಚು ಹಣ ಕೊಟ್ಟ, ಅತಿ ಹೆಚ್ಚು ಸಲ ಬರುವ ಗಿರಾಕಿಯೇ ಬಾಗಿಲಲ್ಲಿ ನಿಲ್ಲಬೇಕಾಯಿತು ಎಂಬುದನ್ನು ಓದಿದಾಗ ನನಗೆ ಆ ದೂರದ ಊರಿನ ಅಪರಿಚಿತರೆಲ್ಲ ನೆಂಟರಂತೆ ಕಂಡರು.

ಸಿಕ್ಸ್ ಫ್ಲ್ಯಾಗ್ಸ್ ಎಂಬ ಅಮೆರಿಕದ ಇನ್ನೊಂದು ಕಂಪನಿಯ ಕತೆ ಇನ್ನೂ ಸ್ಪಷ್ಟವಾಗಿದೆ. ತನ್ನ ಪಾರ್ಕುಗಳು ಅಗ್ಗದ ಪಾಸು ಹಿಡಿದು ದಿನವಿಡೀ ಕಾಲ ಕಳೆಯುವ ಹದಿಹರೆಯದವರಿಂದ ತುಂಬಿವೆ ಎಂದು ಅದರ ಮುಖ್ಯಸ್ಥರು ಬಹಿರಂಗವಾಗಿಯೇ ಬೇಸರಪಟ್ಟುಕೊಂಡು, ರಿಯಾಯಿತಿಗಳನ್ನು ಕಡಿತ ಮಾಡಿ ದರ ಏರಿಸಿದರು. 2021ರಲ್ಲಿ 2 ಕೋಟಿ 77 ಲಕ್ಷ ಇದ್ದ ಪ್ರವೇಶ ಸಂಖ್ಯೆ 2022ರಲ್ಲಿ ಸುಮಾರು 2 ಕೋಟಿ 5 ಲಕ್ಷಕ್ಕೆ ಇಳಿಯಿತು. ಹಾಗೆ ನೋಡಿದರೆ, ಇಂದು ಪಾಸು ಹಿಡಿದು ಅಡ್ಡಾಡುವ ಹುಡುಗನೇ ಹದಿನೈದು ವರ್ಷದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವವನು. ನನ್ನನ್ನು ಆ ದೋಣಿ ಹತ್ತಿಸಿದ ದೊಡ್ಡಪ್ಪನಿಗೆ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ, ಅಂದಿನ ನಾಲ್ಕು ಟಿಕೆಟುಗಳಿಗೆ ಪ್ರತಿಯಾಗಿ ನಾನೀಗ ಈ ಉದ್ಯಮಕ್ಕೆ ಎಷ್ಟು ತೆತ್ತಿದ್ದೇನೆ ಎಂದು ಕೂಡಿಸಿ ನೋಡುವ ಧೈರ್ಯ ನನಗಿಲ್ಲ.

ಆಡಳಿತದವರ ಕಷ್ಟವೂ ನಿಜವೇ. ಹೊರದೇಶದಿಂದ ತರುವ ಯಂತ್ರಗಳಿಗೆ ಕೋಟಿಗಟ್ಟಲೆ ಬೇಕು, ಮಳೆಗಾಲದ ವಾರದ ದಿನಗಳಲ್ಲಿ ಪಾರ್ಕು ಬಣಗುಡುತ್ತದೆ, ಜಿಎಸ್‌ಟಿ ಬಂದಾಗ ಪ್ರವೇಶ ಟಿಕೆಟಿನ ಮೇಲೆ ಶೇ 28ರಷ್ಟು ತೆರಿಗೆ ಬಿದ್ದು, 2018ರ ಜನವರಿಯಲ್ಲಿ ಅದು ಶೇ 18ಕ್ಕೆ ಇಳಿಯುವವರೆಗೆ ಅವರು ಸಾಕಷ್ಟು ಒದ್ದಾಡಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ದುರಸ್ತಿಗಾಗಿ ರೈಡ್ ನಿಲ್ಲಿಸಿದರೆ ಯಾವ ನಿಜವಾದ ಅಭಿಮಾನಿಯೂ ಗೊಣಗುವುದಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಮುರಿದು ಬಿದ್ದು ಜನ ಸತ್ತದ್ದನ್ನು ನಾವು ಮರೆತಿಲ್ಲ. ಎರಡನೆಯ ರೈಲಿನ ಚಕ್ರ ಸವೆದಿದ್ದರೆ ಅದು ಶೆಡ್ಡಿನಲ್ಲೇ ಇರಲಿ. ಆದರೆ ಅದನ್ನು ನನಗೆ ಟಿಕೆಟು ಕೊಳ್ಳುವ ಮೊದಲು ಹೇಳಬೇಕು. ಬೆಳಗ್ಗೆ ಬಸ್ಸಿಳಿದು, ಪೂರ್ತಿ ದರ ಕೊಟ್ಟು ಒಳಗೆ ಹೋದ ಮೇಲೆ ನಾಲ್ಕು ರೈಡುಗಳ ಮುಂದೆ ಅಡ್ಡ ಕಟ್ಟಿದ ಹಗ್ಗ ಕಾಣುವುದು, ಜಾಲತಾಣದಲ್ಲಿ ಮಾತ್ರ ಆ ನಾಲ್ಕೂ ನಗುತ್ತಾ ತಿರುಗುತ್ತಿರುವುದು ಯಾವ ನ್ಯಾಯ? ಡಿಸ್ನಿಯ ಬಗ್ಗೆ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಯಾವ ರೈಡ್ ದುರಸ್ತಿಗಾಗಿ ಮುಚ್ಚಿದೆ ಎಂಬುದನ್ನು ಅವರು ತಮ್ಮ ಜಾಲತಾಣದಲ್ಲಿ ಮೊದಲೇ ಹಾಕುತ್ತಾರೆ.

ಜನಸಂದಣಿಯನ್ನು ನಿಭಾಯಿಸುವುದು ಬಲು ಕಷ್ಟದ ವಿದ್ಯೆ ಎಂದು ಪಾರ್ಕಿನ ಕಚೇರಿಯಲ್ಲಿ ಒಮ್ಮೆ ನನಗೆ ತಿಳಿಹೇಳಿದರು. ನಾನು ನಗಲಿಲ್ಲ, ಆದರೆ ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದ ಊಟದ ಪಂಕ್ತಿ ಕಣ್ಣ ಮುಂದೆ ಬಂತು. ಒಂದು ಪಂಕ್ತಿ ಏಳುವ ಮೊದಲೇ ಮುಂದಿನ ಪಂಕ್ತಿಗೆ ಎಷ್ಟು ಜನ ಎಂದು ಬಾಗಿಲಲ್ಲಿ ಎಣಿಸಿ ನಿಲ್ಲಿಸುವವರಿರುತ್ತಾರೆ. ಎಲೆ ತೆಗೆದವರ ಬೆನ್ನಿಗೇ ನೆಲ ಒರೆಸುವವರು, ಅವರ ಬೆನ್ನಿಗೇ ಎಲೆ ಹಾಕುವವರು, ಆಮೇಲೆ ಉಪ್ಪು, ಉಪ್ಪಿನಕಾಯಿ, ಪಲ್ಯ. ಅನ್ನದ ಪಾತ್ರೆ ಹಿಡಿದವನು ನಿಧಾನಿಸಿದರೆ ಸಾರಿನವನು ಹಿಂದಿನಿಂದ ಗದರುತ್ತಾನೆ. ಸಂಬಳವಿಲ್ಲದ, ಪಂಚೆ ಎತ್ತಿ ಕಟ್ಟಿದ ಆ ಹುಡುಗರು ಮಧ್ಯಾಹ್ನ ಮೂರರೊಳಗೆ ಸಾವಿರಾರು ಜನರಿಗೆ ಬಡಿಸಿ ಮುಗಿಸುತ್ತಾರೆ. ಅಲ್ಲಿ ಬಡಿಸುವವರ ಸಂಖ್ಯೆ ಕಡಿಮೆಯಾದರೆ ಇನ್ನಿಬ್ಬರನ್ನು ಕರೆಯುತ್ತಾರೆ. ನಾನು ಹೇಳಿದ ಪ್ಲಾಟ್‌ಫಾರ್ಮಿನಲ್ಲಿ ನಾಲ್ವರು ಮಾಡುತ್ತಿದ್ದ ಕೆಲಸಕ್ಕೆ ಈ ಸಲ ಇಬ್ಬರೇ ಇದ್ದರು. 24 ಬೆಲ್ಟುಗಳನ್ನು ಇಬ್ಬರು ಎಳೆದು ನೋಡಬೇಕಾದರೆ ಹೊತ್ತು ಹಿಡಿಯುತ್ತದೆ, ಅವರನ್ನು ಅವಸರಿಸುವುದೂ ತಪ್ಪು.

ಊರಿಗೆ ಮರಳಿದ ಮೇಲೆ ಇಷ್ಟನ್ನೂ ಲೆಕ್ಕ ಸಮೇತ ಬರೆದು ಪಾರ್ಕಿಗೆ ಮಿಂಚಂಚೆ ಕಳಿಸಿದೆ. ಬೇಡಿಕೆಗಳು ದೊಡ್ಡವಾಗಿರಲಿಲ್ಲ: ಸರಿಯಾದ ಅಳತೆಪಟ್ಟಿಯನ್ನು ಸಾಲಿನ ಆರಂಭಕ್ಕೆ ತನ್ನಿ, ಮುಚ್ಚಿದ ರೈಡುಗಳ ಪಟ್ಟಿಯನ್ನು ಟಿಕೆಟು ಮಾರುವ ಪುಟದಲ್ಲೇ ಹಾಕಿ, ಒಂದೇ ರೈಲು ಓಡುವ ದಿನ ಆ ರೈಡಿಗೆ ಫಾಸ್ಟ್ ಟ್ರ್ಯಾಕ್ ಮಾರಬೇಡಿ. ಮೂರು ದಿನಗಳ ನಂತರ ಉತ್ತರ ಬಂತು. ನನ್ನ ಹೆಸರಿನ ಕಾಗುಣಿತ ತಪ್ಪಿತ್ತು. ನನ್ನ ಅನಿಸಿಕೆ ಅವರಿಗೆ ಅಮೂಲ್ಯವೆಂದು ಬರೆದು, ಮುಂದಿನ ಭೇಟಿಗೆ ಫಾಸ್ಟ್ ಟ್ರ್ಯಾಕ್ ಮೇಲೆ ಶೇ 10ರಷ್ಟು ರಿಯಾಯಿತಿಯ ಕೂಪನ್ ಕಳಿಸಿದ್ದರು.

ಅಕ್ಕನ ಮನೆಯ ಅಡುಗೆಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನ ಗೆರೆಗಳಿವೆ. ಕಳೆದ ಭಾನುವಾರ ಹುಡುಗನೇ ಟೇಪು ತಂದು, ಚಪ್ಪಲಿ ಇಲ್ಲದೆ, ತಲೆಯ ಮೇಲೆ ರಟ್ಟು ಇಟ್ಟು ಅಳೆಯಿಸಿಕೊಂಡ. 142. ಈ ಡಿಸೆಂಬರಿಗೆ ಹೋಗುವುದುಂಟೋ ಎಂದು ಕೇಳಿದ. ಬಸ್ಸಿನ ಟಿಕೆಟು ಆಗಲೇ ಮಾಡಿಸಿದ್ದೇನೆ, ಕೂಪನ್ ಬಳಸುವುದಿಲ್ಲ.